ಮಸ್ಕತ್‌ನ ಕೋಣೆಯಲ್ಲಿ ಬೈಯುವ ಪಾಳಿ

ಮಸ್ಕತ್‌ಗೆ ಹೋಗಿ ಬಂದೆ ಎಂದರೆ ನಮ್ಮ ಬ್ಯಾಡಗಿಯಲ್ಲಿ ಎಲ್ಲರೂ ಮೊದಲು ಕೇಳುವುದು ಸಮುದ್ರ ಹೇಗಿದೆ ಎಂದು. ಆಮೇಲೆ ಬಂಗಾರದ ಅಂಗಡಿಗಳ ವಿಚಾರ. ಒಂಬತ್ತು ದಿನಗಳಲ್ಲಿ ನಾನು ಸಮುದ್ರ ನೋಡಿದ್ದು ಒಮ್ಮೆ, ನಲವತ್ತು ನಿಮಿಷ. ಬಂಗಾರದ ಅಂಗಡಿ ಒಂದೂ ಇಲ್ಲ. ಉಳಿದ ಹೊತ್ತೆಲ್ಲ ನೋಡಿದ್ದು ಒಂದು ಕೋಣೆಯನ್ನು, ಅದರಲ್ಲಿದ್ದ ಮೂವರು ಹೆಂಗಸರನ್ನು. ಅವರಲ್ಲಿ ಒಬ್ಬಳು ನನ್ನ ಅವ್ವ. ಹೀಗಾಗಿ ಇದನ್ನು ಪ್ರವಾಸ ಎನ್ನಬಹುದೋ ಇಲ್ಲವೋ ನನಗೆ ಗೊತ್ತಿಲ್ಲ. ಪಾಸ್‌ಪೋರ್ಟಿನಲ್ಲಿ ಠಸ್ಸೆ ಬಿದ್ದಿದೆ, ಅಷ್ಟು ಖರೇ.

ಬ್ಯಾಡಗಿ, ಗುರುವಾರ

ಹನ್ನೆರಡನೇ ವಯಸ್ಸಿನಿಂದ ನಾನು ಡೈರಿ ಬರೆಯುತ್ತೇನೆ. ಅವ್ವ ಮಸ್ಕತ್‌ಗೆ ಹೋದ ವಾರವೇ ಶುರು ಮಾಡಿದ್ದು. ಅದರ ಪ್ರಕಾರ ಒಂಬತ್ತು ವರ್ಷಗಳಲ್ಲಿ ಅವ್ವ ಊರಿಗೆ ಬಂದದ್ದು ನಾಲ್ಕು ಸಲ, ಒಟ್ಟು ನೂರಾ ಇಪ್ಪತ್ತೊಂದು ದಿನ. ಉಳಿದದ್ದೆಲ್ಲ ಫೋನು, ದಿನಾ ಸಂಜೆ ಏಳಕ್ಕೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಒಂದು ವರ್ಷ ಇಲ್ಲಿಯೇ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮಾಡಿದಳು. ಆಮೇಲೆ ಅಲ್ಲಿಗೆ ಹೋಗಿ ಒಂದು ಶಾಲೆಯ ಬಸ್ಸಿನಲ್ಲಿ ಆಯಾ ಆದಳು. ಇಬ್ಬರು ಹೆಣ್ಣುಮಕ್ಕಳನ್ನು, ನನ್ನನ್ನೂ ತಂಗಿ ಸಹನಾಳನ್ನೂ, ಬೆಳೆಸಿದ್ದು ಅವ್ವನ ತಂಗಿ, ನಮ್ಮ ಚಿಗವ್ವ.

ನಾನು ಹೊರಟ ದಿನಕ್ಕೆ ಸಹನಾ ಅವ್ವನ ಜೊತೆ ಮಾತು ಬಿಟ್ಟು ಅರವತ್ತನಾಲ್ಕು ದಿನವಾಗಿತ್ತು.

ಕಾರಣ ನನಗೆ ಅರ್ಧ ಗೊತ್ತಿತ್ತು. ಸಹನಾಗೆ ಹದಿಮೂರು. ಆಕೆ ದೊಡ್ಡಾಕಿ ಆದಾಗ ಚಿಗವ್ವ ಓಣಿಯ ಹೆಂಗಸರನ್ನು ಕರೆದು ಆರತಿ ಇಟ್ಟುಕೊಂಡಳು. ಅವ್ವನಿಗೆ ರಜೆ ಸಿಗಲಿಲ್ಲ. ಅದಕ್ಕೆ ಸಹನಾಳ ಎದುರಿಗೆ ಸ್ಟೂಲಿನ ಮೇಲೆ ಫೋನು ನಿಲ್ಲಿಸಿ ವಿಡಿಯೋ ಹಚ್ಚಿದೆವು. ಬಂದ ಹೆಂಗಸರಿಗೆಲ್ಲ ಅರಿಷಿಣ ಕುಂಕುಮ ಹಚ್ಚುತ್ತ ಬಂದ ಪಕ್ಕದ ಮನೆಯ ಶಾಂತಕ್ಕ ಕೈಯ ಓಘದಲ್ಲಿ ಫೋನಿಗೂ ಹಚ್ಚಿಬಿಟ್ಟಳು, ಸರಿಯಾಗಿ ಅವ್ವನ ಹಣೆ ಇದ್ದಲ್ಲಿ. ಎಲ್ಲರೂ ನಕ್ಕರು. ಮರುಗಳಿಗೆ ಶಾಂತಕ್ಕನಿಗೇ ನೆನಪಾಯಿತು. “ಅಯ್ಯ ಶಿವನ, ಆಕಿಗಿ ಹಚ್ಚೂ ಹಂಗಿಲ್ಲಲಾ!” ಎಂದು ಸೆರಗಿನಿಂದ ಒರೆಸಿದಳು. ಗಾಜಿನ ತುಂಬ ಕೆಂಪಾಯಿತು. ಅಷ್ಟರಲ್ಲಿ ಫೋನು ಕಟ್ಟಾಯಿತು. ಇನ್ನೂ ಆರತಿ ಎತ್ತಿರಲಿಲ್ಲ.

“ನೆಟ್‌ವರ್ಕ್ ಹೋತು” ಎಂದು ಅವ್ವ ಆಮೇಲೆ ಚಿಗವ್ವನಿಗೆ ಹೇಳಿದಳು. ಸಹನಾ ನಂಬಲಿಲ್ಲ. ಅಂದಿನಿಂದ ಏಳು ಗಂಟೆಗೆ ಫೋನು ಬಂದರೆ ಗೋಡೆಗೆ ಮುಖ ಮಾಡಿ ಕೂಡುತ್ತಾಳೆ.

ನಾನು ರಾಣೆಬೆನ್ನೂರಿನಲ್ಲಿ ಬಿ.ಕಾಂ. ಕೊನೆಯ ಪರೀಕ್ಷೆ ಮುಗಿಸಿದ್ದೆ. ಅವ್ವನೇ ಟಿಕೆಟ್ ಕಳಿಸಿ “ಬಂದು ಹೋಗು” ಎಂದಳು. ಯಾಕೆಂದು ಹೇಳಲಿಲ್ಲ. ಆಕೆಯ ಕರಾರು ಈ ಶಾಲಾ ವರ್ಷಕ್ಕೆ ಮುಗಿಯುವುದಿತ್ತು. ಇನ್ನೂ ಎರಡು ವರ್ಷ ಇರುತ್ತೇನೆ ಅಥವಾ ಇಲ್ಲ ಎಂದು ಮುಂದಿನ ಗುರುವಾರದೊಳಗೆ ಬರೆದುಕೊಡಬೇಕಿತ್ತು.

ಚಿಗವ್ವ ಸ್ಟೇಷನ್ನಿಗೆ ಬಂದಿದ್ದಳು. “ನಿಮ್ಮವ್ವಗ ಹೇಳು. ಇನ್ನ ಸಾಕು ಅನ್ನು. ನಾ ಹೊಟ್ಟಿಗಿ ಹಾಕಬಲ್ಲೆ. ಇಕಿ ಸಿಟ್ಟು ಹೊರೂದು ನನ್ನ ಕಡಿಂದ ಆಗಂಗಿಲ್ಲ” ಎಂದಳು. ಸಹನಾ ರೈಲು ಹೊರಡುವಾಗ ಕಿಟಕಿಯ ಹತ್ತಿರ ಬಂದು, “ಆಕಿಗಿ ಏನೂ ಹೇಳಬ್ಯಾಡ” ಎಂದಳು. ಎರಡು ಸಂದೇಶ, ಒಂದಕ್ಕೊಂದು ವಿರುದ್ಧ. ಎರಡನ್ನೂ ಬರೆದುಕೊಂಡೆ.

ಮೊದಲ ದಿನ, ಶುಕ್ರವಾರ: ರಸ್ತೆ ಮತ್ತು ಕರ್ಚಿಕಾಯಿ

ವಿಮಾನ ನಿಲ್ದಾಣದ ಹೊರಗೆ ಅವ್ವ ನಿಂತಿದ್ದಳು. ಹತ್ತಿರ ಬಂದು ಕೇಳಿದ ಮೊದಲ ಮಾತು “ಉಂಡ್ಯೇನ?” ಒಂಬತ್ತು ವರ್ಷ ಫೋನಿನಲ್ಲಿ ಕೇಳಿದ್ದೂ ಇದನ್ನೇ. ನಾನು ರೂಢಿಯಂತೆ “ಹೂಂ, ಉಂಡೆ” ಎಂದೆ. ಖರೇ ಅಂದರೆ ಉಂಡಿರಲಿಲ್ಲ, ಹೊಟ್ಟೆ ಹಸಿದಿತ್ತು. ಎದುರಿಗೇ ನಿಂತವಳಿಗೆ ಸುಳ್ಳು ಹೇಳಿದೆನಲ್ಲ ಎಂದು ಅನಿಸಿದ್ದು ಟ್ಯಾಕ್ಸಿ ಹತ್ತಿದ ಮೇಲೆ.

ಫೋನಿನಲ್ಲಿ ನಾನು ನೋಡುತ್ತಿದ್ದದ್ದು ಮುಖ ಮಾತ್ರ. ಊರಿಗೆ ಬಂದಾಗಲೂ ಅವ್ವ ಮನೆಯಲ್ಲಿ ಕುಳಿತಿರುತ್ತಿದ್ದಳು, ನೋಡಲು ಬಂದವರ ನಡುವೆ. ಇಲ್ಲಿ ಮೊದಲ ಸಲ ಅವಳ ಬೆನ್ನು ನೋಡಿದೆ. ಬಿರುಸು ನಡಿಗೆ, ಭುಜಕ್ಕೆ ಅಡ್ಡಲಾಗಿ ಚೀಲ, ಟ್ಯಾಕ್ಸಿಯವನ ಜೊತೆ ಅರಬ್ಬಿಯಲ್ಲಿ ವಾದ. ಅವನು ನಕ್ಕ, ಅವಳೂ ನಕ್ಕಳು. ಏನು ನಗೆ ಎಂದು ಕೇಳಿದೆ. “ಏನಿಲ್ಲ ಬಿಡು” ಎಂದಳು.

ಟ್ಯಾಕ್ಸಿ ಇಳಿದು ರಸ್ತೆ ದಾಟಬೇಕಿತ್ತು. ಹಾವೇರಿಯಲ್ಲಿ ಹೈವೇ ದಾಟಿ ಗೊತ್ತಿದ್ದ ನಾನು ಗಾಡಿ ಹೋಗಲಿ ಎಂದು ನಿಂತೆ. ಗಾಡಿಯವನು ನಾನು ಹೋಗಲಿ ಎಂದು ನಿಂತ. ನಾನು ಅವನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಹಿಂದೆ ಏಳು ಗಾಡಿ ನಿಂತವು, ಒಬ್ಬರೂ ಹಾರ್ನ್ ಬಾರಿಸಲಿಲ್ಲ. ಅದರಿಂದ ನನಗೆ ಇನ್ನೂ ಹೆದರಿಕೆಯಾಯಿತು. ಆಚೆ ದಂಡೆಯಿಂದ ಅವ್ವ ಕೂಗಿದಳು: “ಏ ಪವಿ, ದಾಟ! ಅವ ನಿನ್ನ ಸಲುವಾಗೇ ನಿಂತಾನ!”

ಕೋಣೆಗೆ ಬಂದು ನನ್ನ ಚೀಲ ಬಿಚ್ಚಿದಾಗ ಮೇಲೆಯೇ ಇತ್ತು ಕರ್ಚಿಕಾಯಿಯ ಡಬ್ಬಿ. ಚಿಗವ್ವ ಎರಡು ದಿನ ಕುಳಿತು ಮಾಡಿದ್ದು, ನಲವತ್ತು. ಅವ್ವ ಒಂದನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. ಫಕ್ಕನೆ ಕಣ್ಣು ತೆರೆದು ಅದನ್ನು ಮುರಿದು ಕೊಬ್ಬರಿ ಬೆಲ್ಲದ ಹೂರಣವನ್ನು ಬೆರಳಿನಿಂದ ಕೆದರಿದಳು.

“ಗಸಗಸಿ ಹಾಕ್ಯಾಳಲ್ಲ!”

“ಹಾಕದ ಕರ್ಚಿಕಾಯಿ ಹೆಂಗ ಆಕ್ಕಾವು?”

“ಈ ಕಡೆ ದೇಶಕ್ಕ ಗಸಗಸಿ ತರೂ ಹಂಗಿಲ್ಲ ಅಂತ ಮೂರು ಸಲ ಹೇಳೇನಿ. ಸಿಕ್ಕಿದ್ರ ನಿನ್ನ ಅಲ್ಲೇ ಕುಂದರಸ್ತಿದ್ರು.”

ನಲವತ್ತನ್ನೂ ಮುರಿದು ನೀರಿಗೆ ಹಾಕಿದಳು. ಒಂದನ್ನೂ ಬಾಯಿಗಿಡಲಿಲ್ಲ. ಕೊನೆಗೆ ಬೆರಳು ನೆಕ್ಕಲು ಹೋಗಿ, ಅದನ್ನೂ ತೊಳೆದುಕೊಂಡಳು. ಚಿಗವ್ವನಿಗೆ ಮಾತ್ರ ಫೋನು ಮಾಡಿ, “ಏನ ಛಲೋ ಆಗಿದ್ವವ್ವ, ಎಲ್ಲಾರೂ ತಿಂದ್ರು” ಎಂದಳು. ಇಷ್ಟು ಸಲೀಸಾಗಿ ಹೇಳಬಲ್ಲಳು ಎಂದಾದರೆ ನನಗೆ ಈವರೆಗೆ ಹೇಳಿದ್ದರಲ್ಲಿ ಏನೇನು ಹೀಗೆ ಇದ್ದಿರಬಹುದು? ಡೈರಿಯ ಕೊನೆಯ ಪುಟದಲ್ಲಿ ‘ತಿಳಿಯಲಿಲ್ಲ’ ಎಂದು ತಲೆಬರಹ ಹಾಕಿ ಅದನ್ನು ಮೊದಲನೆಯದಾಗಿ ಬರೆದೆ.

ಮೂರನೇ ದಿನ, ಭಾನುವಾರ: ಎಣಿಕೆ

ಇಲ್ಲಿ ಶುಕ್ರವಾರ, ಶನಿವಾರ ರಜೆ. ಭಾನುವಾರ ಎಲ್ಲರೂ ಕೆಲಸಕ್ಕೆ ಹೋಗುತ್ತಾರೆ. ಮೂರೂ ದಿನ ನನಗೆ ವಾರ ತಪ್ಪುತ್ತಿತ್ತು.

ಬೆಳಿಗ್ಗೆ ಅವ್ವನ ಬಸ್ಸು ನಮ್ಮ ಓಣಿಯ ತುದಿಯಲ್ಲಿ ನಿಲ್ಲುತ್ತದೆ. ನೋಡಲು ಹೋದೆ. ಹಳದಿ ಬಸ್ಸು, ಬಾಗಿಲಲ್ಲಿ ಅವ್ವ, ಮೈಮೇಲೆ ಹಸಿರು ಕೋಟು. ಸಣ್ಣ ಮಕ್ಕಳು ಒಂದೊಂದಾಗಿ ಹತ್ತುವಾಗ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸುತ್ತಿದ್ದಳು. ಬಾಯಲ್ಲಿ ಕನ್ನಡ: “ಒಂಬತ್ತು, ಹತ್ತು, ಹನ್ನೊಂದು, ಏ ಮಾರಾಯ್ತಿ ಬೂಟು ಹಾಕ್ಕೊ, ಹನ್ನೆರಡು.” ಮಕ್ಕಳೂ ಜೊತೆಗೆ “ಹನ್ನೆಲಡು” ಎಂದವು.

ಮಧ್ಯಾಹ್ನ ಎಲ್ಲ ಮಕ್ಕಳು ಇಳಿದ ಮೇಲೆ ಅವ್ವ ಖಾಲಿ ಬಸ್ಸಿನಲ್ಲಿ ಹಿಂದಿನ ತುದಿಯ ತನಕ ನಡೆದು ಪ್ರತಿ ಸೀಟಿನ ಕೆಳಗೆ ಬಗ್ಗಿ ನೋಡಿದಳು. ಮಲಗಿದ ಮಗು ಉಳಿದುಬಿಟ್ಟರೆ ಈ ಬಿಸಿಲಿಗೆ ಬದುಕುವುದಿಲ್ಲವಂತೆ. ಎರಡು ಸಲ ನೋಡುವುದು ನಿಯಮ. ಅವ್ವ ಮೂರು ಸಲ ನೋಡಿದಳು. ಬೇರೆಯವರ ಮಕ್ಕಳನ್ನು ಇಷ್ಟು ನಿಗಾ ಇಟ್ಟು ಎಣಿಸುತ್ತಾಳೆ ಎಂದು ಹೆಮ್ಮೆ ಪಡಬೇಕೋ, ಹೊಟ್ಟೆಕಿಚ್ಚು ಪಡಬೇಕೋ ತಿಳಿಯಲಿಲ್ಲ.

ನಾಲ್ಕನೇ ದಿನ, ಸೋಮವಾರ: ಕೋಣೆಯ ಕಾಯಿದೆ

ಕೋಣೆಯಲ್ಲಿ ನಾಲ್ಕು ಮಂಚ. ಒಬ್ಬಾಕೆ ಊರಿಗೆ ಹೋಗಿದ್ದರಿಂದ ಅದು ನನಗೆ. ಉಳಿದಿಬ್ಬರು: ಕಡಪದ ಲಲಿತಮ್ಮ, ಇನ್ನೊಂದು ಶಾಲೆಯ ಬಸ್ಸಿನ ಆಯಾ; ಫಿಲಿಪ್ಪೀನ್ಸಿನ ಲೋರ್ನಾ, ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಮೂವರ ನಡುವಿನ ಭಾಷೆ ಒಂದು ನಮೂನೆಯ ಹಿಂದಿ, ಅದು ಹಿಂದಿಯವರಿಗೆ ಅರ್ಥವಾಗಲಿಕ್ಕಿಲ್ಲ. ಲಲಿತಮ್ಮ ಬಳ್ಳಾರಿ ಕಡೆ ಸಂಬಂಧಿಕರಿರುವವಳು, ಕನ್ನಡವೂ ಬರುತ್ತದೆ.

ಸಂಜೆ ಐದೂವರೆಗೆ, ಅಂದರೆ ನಮ್ಮಲ್ಲಿ ಏಳಕ್ಕೆ, ಮೂವರೂ ಫೋನು ಹಿಡಿದು ಒಂದೊಂದು ಮೂಲೆಗೆ ಕೂಡುತ್ತಾರೆ. ಆ ದಿನ ಲೋರ್ನಾ ತನ್ನ ಹದಿನೈದು ವರ್ಷದ ಮಗಳ ಜೊತೆ ಮೆಲ್ಲಗೆ ಮಾತಾಡುತ್ತಿದ್ದವಳು ಒಮ್ಮೆಲೇ ನಿಟ್ಟುಸಿರು ಬಿಟ್ಟು ಫೋನನ್ನು ನಮ್ಮ ಅವ್ವನ ಕಡೆ ಚಾಚಿದಳು. ಅವ್ವ ಅದನ್ನು ಹಿಡಿದವಳೇ ಶುರು ಮಾಡಿದಳು:

“ಏನ ಖೋಡಿ, ಸಾಲಿ ತಪ್ಪಸ್ತೀಯಂತ? ನಿಮ್ಮವ್ವ ಇಲ್ಲಿ ನಿಂತ ನಿಂತ ಕಾಲು ಬಾವು ಬಂದಾವು. ನಾಚಿಕಿ ಬರಂಗಿಲ್ಲೇನ? ಸುಮ್ನಿರ! ಎದುರು ಮಾತಾಡ್ತಿ?”

ಅಚ್ಚ ಕನ್ನಡದಲ್ಲಿ. ಫಿಲಿಪ್ಪೀನ್ಸಿನ ಹುಡುಗಿಗೆ! ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಅವ್ವ ಫೋನು ವಾಪಸು ಕೊಟ್ಟಳು. ಲೋರ್ನಾ ಮಗಳನ್ನು ಸಮಾಧಾನ ಮಾಡತೊಡಗಿದಳು.

“ಆಕೆಗೆ ಏನು ತಿಳಿಯಿತು?” ಎಂದು ನಾನು ಲೋರ್ನಾಳನ್ನು ಕೇಳಿದೆ. “ಸುಮ್ನಿರ” ಎಂದು ಲೋರ್ನಾ ಅವ್ವನ ಧಾಟಿಯಲ್ಲೇ ಹೇಳಿ ನಕ್ಕಳು. “ಆ ಒಂದು ಮಾತು ಅವಳಿಗೆ ಬರುತ್ತದೆ. ಮನೆಯ ನಾಯಿಗೂ ಹಾಗೇ ಹೇಳುತ್ತಾಳಂತೆ.”

ಕಾಯಿದೆಯನ್ನು ಬಿಡಿಸಿ ಹೇಳಿದ್ದು ಲಲಿತಮ್ಮ. “ನೋಡಮ್ಮಾ, ಮನೆಯಲ್ಲಿ ಬೈದರೆ ಮಗು ಅಡುಗೆಮನೆಗೆ ಹೋಗುತ್ತೆ, ಹಸಿವಾದರೆ ವಾಪಸು ಬರುತ್ತೆ. ಫೋನಲ್ಲಿ ಬೈದರೆ ಕಟ್ ಮಾಡುತ್ತೆ. ನಾಳೆ ಎತ್ತಲ್ಲ, ನಾಡಿದ್ದು ಎತ್ತಲ್ಲ. ನಾವೇನು ಮಾಡೋಣ, ಇಲ್ಲಿಂದ? ಅದಕ್ಕೆ ಈ ಕೋಣೆಯಲ್ಲಿ ಯಾರೂ ತನ್ನ ಮಗುಗೆ ಬೈಯಲ್ಲ. ಲೋರ್ನಾ ಮಗಳಿಗೆ ನಿಮ್ಮಮ್ಮ ರತ್ನಾ ಬೈತಾಳೆ. ನನ್ನ ಮಗನಿಗೂ ರತ್ನಾನೇ. ರತ್ನಾ ಮಕ್ಕಳಿಗೆ ನಾನು.”

ಆಗ ನನಗೆ ಹೊಳೆಯಿತು. ಒಂಬತ್ತು ವರ್ಷಗಳಲ್ಲಿ ಯಾರೋ ಒಬ್ಬ ತೆಲುಗು ಹೆಂಗಸು ನಡುವೆ ಬಾಯಿ ಹಾಕಿ ನನಗೆ ಬೈಯುತ್ತಿದ್ದಳು. ನಾನದನ್ನು ಡೈರಿಯಲ್ಲಿ ‘ಪಕ್ಕದವಳ ಕಿರಿಕಿರಿ’ ಎಂದು ಬರೆದಿದ್ದೆ, ಇಪ್ಪತ್ಮೂರು ಸಲ. ಪ್ರಥಮ ಪಿಯುಸಿಯಲ್ಲಿ ಲೆಕ್ಕಶಾಸ್ತ್ರ ಕೈಕೊಟ್ಟಾಗ ಒಮ್ಮೆ. ಹೇಳದೆ ಗೆಳತಿಯರ ಜೊತೆ ಗೋಕಾಕ ಫಾಲ್ಸಿಗೆ ಹೋದಾಗ ಒಮ್ಮೆ. ಅವ್ವ ಒಮ್ಮೆಯೂ ಬೈದಿರಲಿಲ್ಲ. ನನ್ನ ಗೆಳತಿಯರು ತಮ್ಮ ತಾಯಂದಿರಿಂದ ಬೈಸಿಕೊಂಡು ಅಳುತ್ತ ಬಂದಾಗ ನನಗೆ ಒಳಗೊಳಗೇ ಅನಿಸುತ್ತಿತ್ತು: ನನ್ನ ಅವ್ವನಿಗೆ ನಾನು ಅಷ್ಟು ಸಹ ಬೇಕಾಗಿಲ್ಲ.

“ನನಗೆ ಬೈದದ್ದೆಲ್ಲ ನೀವೇ?” ಎಂದೆ.

“ನಾನೇ” ಎಂದಳು ಲಲಿತಮ್ಮ. “ಏನು ಬೈಯಬೇಕು ಅಂತ ಹೇಳಿಕೊಟ್ಟವಳು ಅಲ್ಲಿ ಕೂತಿದಾಳೆ.”

ಅವ್ವ ನಮ್ಮ ಕಡೆ ನೋಡದೆ ಚಪಾತಿ ಹಿಟ್ಟು ನಾದುತ್ತಿದ್ದಳು.

ಐದನೇ ದಿನ, ಮಂಗಳವಾರ: ಸಮುದ್ರ

ಸಂಜೆಯ ಫೋನಿಗಿಂತ ಮುಂಚೆ ಅವ್ವ ಸಮುದ್ರಕ್ಕೆ ಕರೆದುಕೊಂಡು ಹೋದಳು. ನೀರಿಗೆ ಅಬ್ಬರವಿರಲಿಲ್ಲ, ಅಲೆ ಸಣ್ಣವು. ದಂಡೆಯ ಕಟ್ಟೆಯ ಮೇಲೆ ಅಲ್ಲಿನ ಒಂದು ಕುಟುಂಬ ಚಾಪೆ ಹಾಸಿ ಕುಳಿತಿತ್ತು. ಗುರುತಿಲ್ಲ ಪರಿಚಯವಿಲ್ಲ, ನಮ್ಮನ್ನು ಕರೆದು ಖರ್ಜೂರ, ಕಹಿ ಕಾಫಿ ಕೊಟ್ಟರು. ಪುಟ್ಟ ಬಟ್ಟಲು ಖಾಲಿಯಾದೊಡನೆ ಮತ್ತೆ ತುಂಬುತ್ತಾರೆ. ಸಾಕು ಎನ್ನಲು ಬಟ್ಟಲನ್ನು ಕೈಯಲ್ಲಿ ಅಲ್ಲಾಡಿಸಬೇಕಂತೆ. ನನಗದು ಗೊತ್ತಿಲ್ಲದೆ ಐದು ಬಟ್ಟಲು ಕುಡಿದೆ. ನಮ್ಮಲ್ಲಿ ಊಟಕ್ಕೆ ಕುಳಿತಾಗ ಎಲೆಗೆ ಅಡ್ಡ ಕೈ ಹಿಡಿದರೂ ಬಡಿಸುತ್ತಾರಲ್ಲ, ಅದಕ್ಕಿಂತ ಇದು ಮೇಲು.

ವಾಪಸು ಹೊರಟಾಗ ಅವ್ವ ಚೀಲದಿಂದ ಒಂದು ಫಾರ್ಮು ತೆಗೆದಳು. “ನಾಡದ ಬರಕೊಡಬೇಕು. ಇರ್ಲೋ, ಬರ್ಲೋ? ನೀನ ಹೇಳು. ಅದಕ್ಕ ನಿನ್ನ ಕರಿಸಿದ್ದು.”

ಇದೇ ಮಾತು ಹೇಳಲು ನಾನು ಬಂದಿದ್ದೆ. ‘ಬಾ’ ಎನ್ನಲು ಒಂದೇ ಅಕ್ಷರ ಸಾಕು. ನನ್ನ ಬಾಯಿಂದ ಬಂದದ್ದು ಬೇರೆ. “ಆವತ್ತು ಫೋನು ಯಾಕ ಕಟ್ ಮಾಡಿದಿ?”

“ಬಸ್ಸಿನ ಮಕ್ಕಳು ಬಂದ್ವು. ಎಣಸೂ ಮುಂದ ಫೋನ್ ಹಿಡಿಯಂಗಿಲ್ಲ.”

“ಚಿಗವ್ವನ ಮುಂದ ನೆಟ್‌ವರ್ಕ್ ಅಂದಿದ್ದಿ.”

“ಅದೂ ಹೋಗಿತ್ತು.”

ಫಾರ್ಮನ್ನು ಮಡಚಿ ಒಳಗಿಟ್ಟಳು. ಬಸ್ಸಿನಲ್ಲಿ ನಾನು ಅವಳನ್ನೇ ನೋಡುತ್ತ ಕುಳಿತೆ. ಈಕೆ ಇಲ್ಲಿ ನಗುತ್ತಾಳೆ, ಅರಬ್ಬಿ ಮಾತಾಡುತ್ತಾಳೆ, ಕೋಣೆಗೇ ಹಿರಿಯಳಾಗಿದ್ದಾಳೆ. ಬ್ಯಾಡಗಿಗೆ ಬಂದರೆ ಮತ್ತೆ ಮೂಗಿಗೆ ಸೆರಗು ಕಟ್ಟಿಕೊಂಡು ಮೆಣಸಿನಕಾಯಿ ರಾಶಿಯ ಮುಂದೆ ಕೂಡಬೇಕು; ಆರತಿಯ ಹೊತ್ತಿಗೆ ಹಿಂದಿನ ಸಾಲಿನಲ್ಲಿ ನಿಲ್ಲಬೇಕು. ಕರೆಯುವುದು ಯಾರ ಸಲುವಾಗಿ? ‘ತಿಳಿಯಲಿಲ್ಲ’ ಪುಟ ತುಂಬಿ, ಹಿಂದಿನ ಪುಟಕ್ಕೆ ಹೋಯಿತು.

ಆರನೇ ದಿನ, ಬುಧವಾರ: ಎಪ್ಪತ್ತನೇ ದಿನ

ಐದೂವರೆಗೆ ಫೋನು ಹಚ್ಚಿದೆವು. ಚಿಗವ್ವ ಎಂದಿನಂತೆ ಫೋನನ್ನು ಸಹನಾಳ ಕಡೆ ಹಿಡಿದಳು. ಎಂದಿನಂತೆ ಕಂಡದ್ದು ಎರಡು ಜಡೆ, ಗೋಡೆ. ಅವ್ವ “ಸಹನಾ, ಉಂಡ್ಯೇನವ್ವಾ?” ಎಂದಳು.

ಲಲಿತಮ್ಮ ತನ್ನ ಪಾಳಿ ಎಂದು ಹತ್ತಿರ ಬಂದಳು. “ಏಯ್ ಅಮ್ಮಾಯಿ, ತಾಯಿಗೆ ಬೆನ್ನು ತೋರಿಸ್ತಾರಾ? ಯಾರು ಕಲಿಸಿದ್ದು ನಿನಗೆ?” ಎಂದು ಶುರು ಮಾಡಿದಳು. ಜಡೆ ಅಲ್ಲಾಡಲಿಲ್ಲ. ಒಂದೇ ಮಾತು ಬಂತು, ಗೋಡೆಯ ಕಡೆಯಿಂದ: “ಆ ಆಂಟಿಗಿ ಬಾಯಿ ಮುಚ್ಚಾಕ ಹೇಳು.”

ಅವ್ವ ಫೋನನ್ನು ಕಸಿದುಕೊಂಡಳು.

“ಏ ಸಹನಾ! ಮಾರಿ ತಿರುಗಸ ಈ ಕಡೆ! ಹಿರೇರಿಗೆ ಹಂಗ ಅಂತಾರೇನ? ಎಪ್ಪತ್ತು ದಿನ ಆತು ನಿನ್ನ ಬೆನ್ನ ನೋಡ್ಕೋಂತ. ಅಷ್ಟ ಸೊಕ್ಕು ಬಂತೇನ ನಿನಗ? ಎದ್ದು ಬಂದು ಎರಡು ಬಿಟ್ನೆಂದ್ರ ಗೊತ್ತಾಕೈತಿ!”

ಲೋರ್ನಾ ತನ್ನ ಫೋನನ್ನು ಎದೆಗೆ ಒತ್ತಿಕೊಂಡಳು. ಲಲಿತಮ್ಮ “ಬ್ಯಾಡ ರತ್ನಾ, ಕಟ್ ಮಾಡುತ್ತೆ” ಎಂದು ಕೈ ಹಿಡಿದಳು. ಎಪ್ಪತ್ತು ದಿನವೆಂದು ಅವ್ವನೂ ಎಣಿಸುತ್ತಿದ್ದಳು ಎಂಬುದು ನನಗೆ ಆಗಲೇ ಗೊತ್ತಾದದ್ದು.

ಸಹನಾ ತಿರುಗಿದಳು. ಮುಖ ಕೆಂಪಾಗಿತ್ತು.

“ಬಾ ಮತ್ತ! ಬಂದು ಹೊಡಿ! ಬಂದರ ಬರ್ತೀಯೇನ ನೀ? ಕಟ್ ಮಾಡಿ ಹೋಗಾಕಿ ನೀ!”

“ನಾ ಯಾಕ ಕಟ್ ಮಾಡ್ಲಿ?”

“ನೆಟ್‌ವರ್ಕ್ ಅನ್ನಬ್ಯಾಡ. ಚಿಗವ್ವನ ಫೋನಿನ್ಯಾಗ ನಾಲ್ಕು ಕಡ್ಡಿ ಇದ್ವು. ನಾ ನೋಡೇನಿ.”

ಅವ್ವ ನನ್ನ ಮುಖ ನೋಡಿದಳು, ಲಲಿತಮ್ಮನ ಮುಖ ನೋಡಿದಳು. ಆಮೇಲೆ ಫೋನಿಗೆ ಹೇಳಿದಳು. “ಹೆದರಿದೆ. ಶಾಂತಕ್ಕ ಹಂಗ ಅಂದಕೂಡ್ಲೆ ಹೆದರಿದೆ. ನಿನ್ನ ಮೊದಲನೇ ಆರತಿ. ನನ್ನಂಥಾಕಿ ಎದುರಿಗಿ ಇದ್ದು ನಾಳೆ ನಿನಗೇನರ ಆದರ?”

“ನನಗೇನಾಕೈತಿ? ಹನ್ನೊಂದು ಮಂದಿ ಹೆಂಗಸರು ನನ್ನ ನೋಡಿ ನಗಾಕತ್ತಿದ್ರು. ನಾ ನಿನ್ನ ನೋಡಿಕೋಂತ ಕುಂತಿದ್ದೆ. ಹೊಟ್ಟಿ ನೋವು ಇತ್ತು ನನಗ. ನೀ ಅದನ್ನ ಕೇಳಿದ್ಯೇನ? ‘ಉಂಡ್ಯೇನ, ಉಂಡ್ಯೇನ’ ಅದೊಂದ ನಿನಗ!”

ಆಮೇಲೆ ಬಂದದ್ದನ್ನೆಲ್ಲ ಬರೆದುಕೊಳ್ಳಲಾಗಲಿಲ್ಲ. ಒಬ್ಬರ ಮೇಲೊಬ್ಬರು ಮಾತಾಡಿದರು. ಅವ್ವ ತಪ್ಪಿಸಿಕೊಂಡ ಮೂರನೇ ತರಗತಿಯ ಗ್ಯಾದರಿಂಗು ಬಂತು, ಕಳಿಸಿದ ಫ್ರಾಕು ಸಣ್ಣದಾದದ್ದು ಬಂತು, “ಚಿಗವ್ವಗ ನಾ ಅವ್ವ ಅಂದ್ರ ನೀ ಯಾಕ ಸುಮ್ಮನಾಕ್ಕೀದಿ” ಎನ್ನುವುದೂ ಬಂತು. ಅವ್ವ ಅಳುತ್ತ ಬೈದಳು, ಸಹನಾ ಬೈಯುತ್ತ ಅತ್ತಳು. ಮೂವತ್ತನಾಲ್ಕು ನಿಮಿಷ. ಕೊನೆಗೆ ಚಿಗವ್ವನ ಫೋನಿನ ಚಾರ್ಜು ಮುಗಿಯುವ ಹೊತ್ತಿಗೆ ಸಹನಾ ಮೂಗು ಒರೆಸಿಕೊಂಡು, “ನಾಳೆ ಮಾಡು. ಇನ್ನೂ ಮುಗದಿಲ್ಲ ನಂದು” ಎಂದಳು.

ಅವ್ವ ಕಪ್ಪಾದ ಫೋನನ್ನು ಸೆರಗಿನಿಂದ ಒರೆಸಿ ಚಾರ್ಜಿಗೆ ಹಚ್ಚಿದಳು.

ಏಳನೇ ದಿನ, ಗುರುವಾರ: ಫಾರ್ಮು

ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ಅವ್ವ ಫಾರ್ಮು ತುಂಬಿಸಲು ನನಗೆ ಕೊಟ್ಟಳು. ‘ಮುಂದುವರಿಯುವುದಿಲ್ಲ’ ಎನ್ನುವ ಚೌಕದಲ್ಲಿ ಗೆರೆ ಎಳೆ ಎಂದಳು.

“ನಾನೇನೂ ಹೇಳಿಲ್ಲವ್ವ” ಎಂದೆ.

“ನೀ ಹೇಳಿದ್ರ ಇಷ್ಟ ಸರಳ ಆಗ್ತಿರಲಿಲ್ಲ. ಇದು ಫೋನಿನ್ಯಾಗ ಮುಗಿಯೂ ಜಗಳ ಅಲ್ಲ.”

ಗೆರೆ ಎಳೆದೆ. ಅದು ಚೌಕದ ಹೊರಗೆ ಹೋಯಿತು. ನಾನು ಬಂದ ಕೆಲಸ ಆಯಿತು, ಆದರೆ ಮಾಡಿದವಳು ನಾನಲ್ಲ. ಸಂಜೆ ಲೋರ್ನಾ ಅಡುಗೆ ಒಲೆಯ ಮುಂದೆ ನಿಂತು, “ಇನ್ನು ನನ್ನ ಮಗಳು ಜೆಸ್ಸಾಗೆ ಯಾರು ಬೈಯುತ್ತಾರೆ?” ಎಂದು ಕೇಳಿದಳು. ನಗುತ್ತ ಕೇಳಿದಳು ಎಂದುಕೊಂಡೆ. ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವ್ವ ಬ್ಯಾಡಗಿಯಿಂದಲೂ ಬೈಯಬಹುದಲ್ಲ ಎಂದೆ. “ಅಷ್ಟು ದೂರದಿಂದಲಾ?” ಎಂದಳು ಲೋರ್ನಾ. ಅವಳ ಮಗಳು ಈಗ ಇರುವುದೂ ದೂರವೇ ಅಲ್ಲವೇ? ಇದನ್ನೂ ಬರೆದುಕೊಂಡೆ.

ಬ್ಯಾಡಗಿ, ಸೋಮವಾರ

ಅವ್ವ ಬರಲು ಇನ್ನೂ ಎರಡು ತಿಂಗಳಿದೆ. ದಿನಾ ಏಳಕ್ಕೆ ಜಗಳ ನಡೆದಿದೆ; ನಿನ್ನೆ ಹನ್ನೆರಡು ನಿಮಿಷ, ಇವತ್ತು ಒಂಬತ್ತು. ಚಿಗವ್ವ ರೊಟ್ಟಿ ಬಡಿಯುತ್ತ ಕಿವಿ ಇಲ್ಲೇ ಇಟ್ಟಿರುತ್ತಾಳೆ. ಆಕೆ ಖುಷಿಯಾಗಿದ್ದಾಳೋ ಇಲ್ಲವೋ ಗೊತ್ತಾಗುತ್ತಿಲ್ಲ. ಅಕ್ಕ ಬಂದರೆ ಈ ಮನೆಯಲ್ಲಿ ತಾನು ಯಾರು ಎಂದು ಆಕೆಗೂ ಅನಿಸುತ್ತಿರಬಹುದು. ಕೇಳಲು ನನಗೆ ಧೈರ್ಯವಾಗಿಲ್ಲ.

ಇವತ್ತು ಫೋನು ಮುಗಿದ ಮೇಲೆ ಸಹನಾ ಒಳಗಿನ ಕೋಣೆಯಲ್ಲಿ ನಿಂತು ಸುತ್ತಲೂ ನೋಡಿದಳು. ಅಲ್ಲಿ ನಮ್ಮಿಬ್ಬರ ಒಂದು ಮಂಚ, ಚಿಗವ್ವನ ಹಾಸಿಗೆ, ಒಂದು ಕಪಾಟು.

“ಅಕ್ಕಾ, ಅವ್ವ ಬಂದ್ರ ಎಲ್ಲಿ ಮಲಗ್ತಾಳ?”

ಹಿಂದಿನ ನಾಲ್ಕು ಸಲ ಎಲ್ಲಿ ಮಲಗಿದ್ದಳು? ನೆನಪಾಗಲಿಲ್ಲ. ಡೈರಿ ತೆಗೆದು ನೋಡಿದೆ. ಬಂದ ತಾರೀಖಿದೆ, ಹೋದ ತಾರೀಖಿದೆ. ಇದನ್ನು ಬರೆದಿಲ್ಲ.

“ಚಿಗವ್ವನ ಬಾಜೂಕ ಇರಬೇಕು” ಎಂದೆ.

“ಅವಾಗ ಆಕಿ ಪಾವಣೇರು, ಬಂದು ಹೋಗಾಕಿ. ಈಗ ಪಾವಣೇರ ಅಲ್ಲಲಾ.”

ಸಹನಾ ಮಂಚದ ಒಂದು ತುದಿ ಹಿಡಿದಳು, ನಾನು ಇನ್ನೊಂದು. ಗೋಡೆಯಿಂದ ಸರಿಸಿದೆವು. ಚಿಗವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಒಳಗೆ ಬಂದು, ತನ್ನ ಹಾಸಿಗೆಯನ್ನು ಕಾಲಿನಿಂದ ಆಚೆ ನೂಕಿ, “ಕಪಾಟು ಹೊರಗ ಹಾಕ್ರಿ. ಇಲ್ಲಂದ್ರ ನಾಲ್ಕು ಮಂದಿ ಹಿಡಿಯಂಗಿಲ್ಲ” ಎಂದಳು.